ಪ್ಲಂಬರ್ ಕಾರ್ಡಿನ ಮುದೀರ್

ಕೊರಿಯಾ ದೇಶದ ಕಂಪನಿ ಮಾಲೀಕನೊಬ್ಬ ಅಚ್ಚ ಮಂಗಳೂರು ಕನ್ನಡದಲ್ಲಿ ತನ್ನ ನೌಕರರನ್ನು ಬೈಯುವುದನ್ನು ನಾನು ಕೇಳಿದ್ದು ಸೌದಿಯ ಹಾಯಿಲ್‌ನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. "ಎಂತ, ನಿಮಗೆಲ್ಲ ತಮಾಷೆಯಾ? ಆ ರಿಪೋರ್ಟು ನಾಳೆ ಬೆಳಿಗ್ಗೆ ನನ್ನ ಮೇಜಿನ ಮೇಲೆ ಇರ್ಬೇಕು. ಆಗುದಿಲ್ಲ ಅಂದ್ರೆ ಮನೆಗೆ ಹೋಗಿ" ಎಂದು ಆತ ಗುಡುಗುತ್ತಿದ್ದ. ಆತ ಗುಡುಗುತ್ತಿದ್ದದ್ದು ಫೋನಿನ ಪರದೆಯ ಮೇಲೆ, ಕೊರಿಯನ್ ಭಾಷೆಯಲ್ಲಿ. ಅದರ ಕೆಳಗೆ ಅರಬ್ಬಿಯಲ್ಲಿ ಓಡುತ್ತಿದ್ದ ಸಾಲುಗಳನ್ನು ಓದಿ, ಅರಬ್ಬಿ ಕೇಳಿದರೆ ತಿಳಿಯುವ, ಆದರೆ ಓದಲು ಬಾರದ ನನಗೋಸ್ಕರ ಕನ್ನಡಕ್ಕೆ ತಂದು, ಸಿಟ್ಟಿನ ಕಡೆ ತಾವೂ ಸಿಟ್ಟು ಮಾಡಿಕೊಂಡು ಹೇಳುತ್ತಿದ್ದವರು ನಮ್ಮ ಮುದೀರ್.

ಮುದೀರ್ ಎಂದರೆ ಅರಬ್ಬಿಯಲ್ಲಿ ಮ್ಯಾನೇಜರ್. ಹೊಲಗಳಿಗೂ ಹೊಸ ಮನೆಗಳಿಗೂ ನೀರಿನ ಪೈಪು ಹಾಕಿಸುವ ನಮ್ಮ ಚಿಕ್ಕ ಕಂಪನಿಯಲ್ಲಿ ಡ್ರೈವರುಗಳಿಂದ ಹಿಡಿದು ಕಫೀಲ್‌ವರೆಗೆ, ಅಂದರೆ ನಮಗೆಲ್ಲ ವೀಸಾ ಕೊಟ್ಟ ಮಾಲೀಕನವರೆಗೆ, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೆಸರಿಗಿಂತ ಆ ಪದವಿಯ ಮೇಲೆಯೇ ಅವರಿಗೆ ಹೆಚ್ಚು ಪ್ರೀತಿ. ಉಳ್ಳಾಲದ ಕಡೆಯ ಬ್ಯಾರಿಗಳು, ವಯಸ್ಸು ಐವತ್ತರ ಆಸುಪಾಸು. ಗಂಡನ ಜೊತೆ ಮೈಸೂರಿನಿಂದ ಬಂದು ಅದೇ ಆಫೀಸಿನಲ್ಲಿ ಲೆಕ್ಕ ಬರೆಯಲು ಸೇರಿದ ನನಗೆ ಅವರೇ ಮೇಲಧಿಕಾರಿ. ಮೊದಲ ದಿನವೇ, "ಘಟ್ಟದ ಮೇಲಿನವರಾ ನೀವು? ಹಾಗಾದ್ರೆ ಮೀನು ತಿನ್ಲಿಕ್ಕಿಲ್ಲ. ಇಲ್ಲಿ ನಿಮಗೆ ಕಷ್ಟ ಉಂಟು ಮಾರಾಯ್ರೆ" ಎಂದರು. "ಈ ಊರಿಂದ ಸಮುದ್ರ ಎಷ್ಟು ದೂರ ಇದೆ ಸಾರ್? ಕಷ್ಟ ಆಗೋದು ಮೀನು ತಿನ್ನೋರಿಗೆ" ಎಂದೆ. "ಬಾಯಿ ಜೋರುಂಟು" ಎಂದು ನಕ್ಕರು. ಅಂದಿನಿಂದ ನಮಗಿಬ್ಬರಿಗೂ ಸರಿಹೋಯಿತು.

ಅವರಷ್ಟು ಒಪ್ಪವಾಗಿ ಬಟ್ಟೆ ಹಾಕುವವರನ್ನು ನಾನು ಹಾಯಿಲ್‌ನಲ್ಲಿ ಬೇರೆ ಕಂಡಿಲ್ಲ. ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಬಾಗಿಲು ತೆಗೆಯುವ ಮೊದಲೇ ಒಳಗೆ ಬರುವ ಊದ್ ಅತ್ತರಿನ ಪರಿಮಳ. ಫೋನು ಎತ್ತುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವರು. ಯಾರಾದರೂ ಮೇಜಿನ ಮೇಲೆ ಒರಗಿ ಮಾತಾಡಿದರೆ ಅವರ ಮೊಣಕೈಯನ್ನೇ ನೋಡುವರು, ಆಮೇಲೆ ಆ ಜಾಗವನ್ನು ಟಿಶ್ಯೂ ಕಾಗದದಿಂದ ಒರೆಸುವರು. ಅದೇ ಮೇಜಿನ ಕೆಳಗೆ, ಕಾಲಿಗೆ ತಾಗುವ ಹಾಗೆ, ಒಂದು ಚೀಲವಿತ್ತು. ಅದರಲ್ಲಿ ಕೆಲಸಗಾರರು ತೊಡುವ ಒಂದು ನೀಲಿ ಡಾಂಗರಿ, ಒಂದು ದೊಡ್ಡ ಪೈಪು ಪಾನಾ, ಪೈಪಿಗೆ ಸುತ್ತುವ ಒಂದಿಷ್ಟು ಬಿಳಿ ಟೇಪು.

ಆ ಚೀಲದ ಕಥೆ ಇಷ್ಟು. ಅವರು ಬಿ.ಕಾಂ. ಓದಿದವರು. ಆದರೆ ಅವರು ಹೊರಡುವ ಕಾಲಕ್ಕೆ ಮಂಗಳೂರಿನ ಏಜೆಂಟನ ಹತ್ತಿರ ಉಳಿದಿದ್ದದ್ದು ಪ್ಲಂಬರ್ ವೀಸಾ ಮಾತ್ರ. ಅಲ್ಲಿ ಹೋದ ಮೇಲೆ ಬದಲಾಯಿಸಿದರಾಯಿತು ಎಂದು ಬಂದರು. ಬಂದವರನ್ನು ಕಫೀಲ್ ಆಫೀಸಿನಲ್ಲಿ ಕೂರಿಸಿದ, ಬರಬರುತ್ತ ಇಡೀ ಆಫೀಸನ್ನೇ ಒಪ್ಪಿಸಿದ, ಕಾರ್ಡು ಮಾತ್ರ ಹಾಗೆಯೇ ಉಳಿಯಿತು. ಇಲ್ಲಿ ಪರದೇಶದವರಿಗೆ ಇಕಾಮಾ ಎಂಬ ವಾಸದ ಕಾರ್ಡು ಇರುತ್ತದಲ್ಲ, ಅದರಲ್ಲಿ ಕಸುಬನ್ನೂ ನಮೂದಿಸಿರುತ್ತಾರೆ. ಅವರ ಕಸುಬು ಸಬ್ಬಾಕ್, ಪ್ಲಂಬರ್. ಕಾರ್ಡಿನಲ್ಲಿ ಒಂದು ಕೆಲಸ, ಕೈಯಲ್ಲಿ ಇನ್ನೊಂದು ಕೆಲಸ ಇದ್ದು ಸಿಕ್ಕಿಬಿದ್ದರೆ ಕಂಪನಿಗೆ ದಂಡ, ಮನುಷ್ಯನಿಗೆ ಎಕ್ಸಿಟ್, ಅಂದರೆ ಗಂಟುಮೂಟೆ ಕಟ್ಟಿ ಊರಿಗೆ.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಪ್ಲಂಬರ್ ಕಾರ್ಡಿನವರಿಗೆ ಹೆಂಡತಿಯನ್ನು ಕರೆಸಿಕೊಂಡು ಸಂಸಾರ ಹೂಡುವ ಪರವಾನಗಿ ಸಿಗುವುದಿಲ್ಲ. ನನ್ನ ಗಂಡನ ಕಾರ್ಡಿನಲ್ಲಿ ಎಂಜಿನಿಯರ್ ಎಂದಿತ್ತು, ಹಾಗಾಗಿ ನಾನು ನನ್ನ ಒಗ್ಗರಣೆ ಡಬ್ಬಿಯ ಸಮೇತ ಬಂದು ಕೂತಿದ್ದೆ. ಅವರ ಹೆಂಡತಿ ಒಮ್ಮೆ ವಿಸಿಟ್ ವೀಸಾದಲ್ಲಿ ಬಂದು ಹೋಗಿದ್ದರು, ಅಷ್ಟೇ. ಹೊರಡುವಾಗ, "ಇನ್ನು ಬರುವುದಾದ್ರೆ ನೆಂಟರ ಹಾಗೆ ಬರುವುದಿಲ್ಲ, ಗ್ಯಾಸ್ ಸ್ಟೌ ಇಟ್ಟು ಸಂಸಾರ ಮಾಡ್ಲಿಕ್ಕೆ ಬರುವುದು" ಎಂದಿದ್ದರಂತೆ. ಈ ಮಾತನ್ನು ಅವರು ನನಗೆ ಹತ್ತಾರು ಸಲ ಹೇಳಿದ್ದಾರೆ, ಪ್ರತಿ ಸಲ ಹೊಸದಾಗಿ ಹೇಳುವ ಹಾಗೆ.

ಕಾರ್ಡು ನೋಡುವ ಸರ್ಕಾರಿ ತಪಾಸಣೆಯವರು ಬರುವ ಸುಳಿವು ಸಿಕ್ಕ ಕೂಡಲೇ ಗೇಟಿನ ಕಾವಲುಗಾರ ಮಿಸ್ಡ್ ಕಾಲ್ ಕೊಡುತ್ತಿದ್ದ. ನನ್ನ ಕಾರ್ಡು ಸರಿಯಾಗಿಯೇ ಇತ್ತು, ಆದರೂ ಅದನ್ನು ಪರ್ಸಿನಿಂದ ತೆಗೆದು ಮತ್ತೆ ಮತ್ತೆ ನೋಡುತ್ತಿದ್ದೆ. ಅವರು ಮಾತ್ರ ಚೀಲ ಎತ್ತಿಕೊಂಡು, "ನಾನು ಡ್ಯೂಟಿಗೆ ಹೋಗಿ ಬರ್ತೇನೆ ಮಾರಾಯ್ರೆ" ಎಂದು ಬಾತ್‌ರೂಮಿಗೆ ನಡೆಯುತ್ತಿದ್ದರು. ಅಲ್ಲಿ ಅಂಗಿಯ ಮೇಲೆಯೇ ಡಾಂಗರಿ ಏರಿಸಿ ಪಾನಾ ಹಿಡಿದು ನಿಲ್ಲುವುದು. ಒಮ್ಮೆ ಕೆಲಸ ನಿಜವೆಂದು ಕಾಣಲಿ ಎಂದು ವಾಶ್‌ಬೇಸಿನ್ನಿನ ಕೆಳಗೆ ಏನೋ ಒಂದನ್ನು ತಿರುಗಿಸಿದರು. ಬಂದವರು ಎರಡು ನಿಮಿಷ ನೋಡಿ ಹೋದರು, ನೀರು ಮಾತ್ರ ಕಾರಿಡಾರಿಗೆ ಬಂದು ನನ್ನ ಫೈಲುಗಳ ಅಡಿಗೆ ಹೊಕ್ಕಿತು. ಕೊನೆಗೆ ಸೈಟಿನಿಂದ ನಿಜವಾದ ಪ್ಲಂಬರನನ್ನು, ಗೋರಖ್‌ಪುರದ ಒಬ್ಬ ಮುದುಕನನ್ನು, ಕರೆಸಬೇಕಾಯಿತು. ಆತ ನೋಡಿ, "ಮುದೀರ್ ಸಾಬ್, ಇದನ್ನು ಬಿಚ್ಚುವುದಕ್ಕೂ ಒಂದು ಬುದ್ಧಿ ಬೇಕು" ಎಂದ. ಅವರ ಮುಖ ಕೆಂಪಾಯಿತು.

ಅವರಲ್ಲಿ ನನಗೆ ಹಿಡಿಸದ ಗುಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಮುದುಕನ ಜೊತೆ ಅವರು ಒಂದು ದಿನವೂ ಕೂತು ಚಹಾ ಕುಡಿಯಲಿಲ್ಲ. ಹಬ್ಬದ ದಿನ ಕಂಪನಿಯವರು ದೊಡ್ಡ ತಟ್ಟೆಯಲ್ಲಿ ಕಬ್ಸಾ ಅನ್ನ ತರಿಸಿದರೆ ಕೆಲಸಗಾರರ ತಟ್ಟೆಯ ಹತ್ತಿರ ಹೋಗುತ್ತಿರಲಿಲ್ಲ. "ಅವರದ್ದೇ ಬೇರೆ, ನಮ್ಮದೇ ಬೇರೆ" ಎನ್ನುವರು. ಕಾರ್ಡಿನ ಪ್ರಕಾರ ನೀವೂ ಅವರೇ ಸಾರ್ ಎಂದು ಒಮ್ಮೆ ಚುಚ್ಚಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ಖರ್ಜೂರ ತಂದುಕೊಟ್ಟು, "ನಿಮಗೆ ಅರ್ಥ ಆಗುದಿಲ್ಲ. ಅವನು ಪ್ಲಂಬರ್ ಅಂತ ಬರೆದಿದ್ರೆ ಅವನು ಪ್ಲಂಬರ್. ನನಗೆ ದಿನಾ ನಾನು ಅದಲ್ಲ ಅಂತ ತೋರಿಸ್ಲಿಕ್ಕುಂಟು" ಎಂದರು.

ಹೀಗಿರುವಾಗ ರೀಮ್ ಬಂದಳು. ಆಫೀಸಿನಲ್ಲಿ ಈ ದೇಶದವರೂ ಇರಬೇಕೆಂಬ ನಿಯಮದಂತೆ ಕಫೀಲ್ ಸೇರಿಸಿಕೊಂಡ ಹಾಯಿಲ್‌ನದೇ ಹುಡುಗಿ, ಆಗಷ್ಟೇ ಕಾಲೇಜು ಮುಗಿಸಿದವಳು. ಅವಳಿಗೆ ಕೆಲಸ ಕಲಿಸುವುದು ಮುದೀರ್‌ರ ಪಾಲಿಗೆ ಬಂತು. ತನ್ನ ಕುರ್ಚಿಗೇ ಬರುವವಳನ್ನು ತಾನೇ ತಯಾರು ಮಾಡುವ ಕೆಲಸವೆಂದು ನನಗೆ ದಿಗಿಲಾಯಿತು. ಅವರು ಅದನ್ನು ಯೋಚಿಸಿದಂತೆಯೇ ಕಾಣಲಿಲ್ಲ. ಕೊಟೇಶನ್ ಬರೆಯುವುದು ಹೇಗೆ, ಗಿರಾಕಿ ರೇಗಿದರೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲವನ್ನೂ ಸಂಭ್ರಮದಿಂದ ಕಲಿಸಿದರು. ಅವಳು ಅವರನ್ನು ಉಸ್ತಾದ್ ಎಂದು ಕರೆದಳು, ಅಂದರೆ ಗುರುಗಳೇ ಎಂದ ಹಾಗೆ. ಆ ದಿನ ಅವರು ಸುಮ್ಮಸುಮ್ಮನೆ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ಹೋದರು.

ಕೊರಿಯಾದ ಧಾರಾವಾಹಿ ತಂದವಳು ಅವಳೇ. ಇಲ್ಲಿಯ ಹುಡುಗಿಯರಿಗೆ ಅದರ ಹುಚ್ಚು ಬಹಳ. ನೀರಿನ ಬಾಟಲಿಗೆ ಫೋನು ಒರಗಿಸಿ, ನಾವು ಮೂವರೂ ಡಬ್ಬಿ ಬಿಚ್ಚಿಕೊಂಡು ನೋಡುವುದು. ಅದು ಒಂದು ದೊಡ್ಡ ಕಂಪನಿಯ ಕಥೆ. ಅಲ್ಲಿ ಖಾಯಂ ನೌಕರರ ಕುತ್ತಿಗೆಯಲ್ಲಿ ಬಿಳಿ ಪಟ್ಟಿಯ ಗುರುತಿನ ಚೀಟಿ, ಗುತ್ತಿಗೆಯವರಿಗೆ ಬೂದು ಪಟ್ಟಿ. ಬೂದು ಪಟ್ಟಿಯ ಒಬ್ಬ ನಡುವಯಸ್ಸಿನ ಹೆಂಗಸು ಇಡೀ ವಿಭಾಗದ ಕೆಲಸ ಮಾಡುತ್ತಾಳೆ, ರುಜು ಹಾಕುವವರು ಬೇರೆಯವರು. ಮೇಲಿನವರು ಬಂದರೆ ಅವಳನ್ನು ಚಹಾ ಕೋಣೆಗೆ ಕಳಿಸಿ ಕಪ್ಪು ತೊಳೆಯಲು ಹಚ್ಚುತ್ತಾರೆ. ರೀಮ್ ಕಣ್ಣೊರೆಸಿಕೊಳ್ಳುತ್ತ, "ಉಸ್ತಾದ್, ನಿಜವಾಗಿಯೂ ಇಂಥ ಕಂಪನಿಗಳು ಇರುತ್ತವಾ? ಇಷ್ಟು ಅನ್ಯಾಯ ಯಾರಾದರೂ ಮಾಡುತ್ತಾರಾ?" ಎಂದು ಕೇಳಿದಳು. ಅವರು ಗಂಭೀರವಾಗಿ, ಕೊರಿಯಾದಲ್ಲಿ ಇರಬಹುದಮ್ಮ ಎಂದರು. ಅವರ ಕಾಲ ಬುಡದಲ್ಲೇ ಚೀಲ ಇತ್ತು.

ರೀಮ್ ಬಂದ ಮೇಲೆ ತಪಾಸಣೆ ಒಮ್ಮೆ ಮಾತ್ರ ಆಗಿತ್ತು, ಅಂದು ಅವಳು ರಜೆಯಲ್ಲಿದ್ದಳು. ಅವಳಿಗೊಂದು ಮಾತು ಹೇಳಿ ಇಡಿ ಎಂದು ನಾನು ಅವರ ಬೆನ್ನು ಬಿದ್ದೆ. "ಅವಳಿಗೆ ಗೊತ್ತಿರಬೇಕು ಸಾರ್. ಗೊತ್ತಿಲ್ದೆ ಏನಾದ್ರೂ ಅಂದುಬಿಟ್ರೆ?"

"ಅವಳೆಂತ ಹೇಳುವುದು? ಪಾಪದ ಹುಡುಗಿ."

"ಪಾಪದವರೇ ಹೇಳಿಬಿಡೋದು."

"ಬೇಡ ಮಾರಾಯ್ರೆ" ಎಂದು ದನಿ ತಗ್ಗಿಸಿದರು. "ಅವಳ ಎದುರು ಮಾತ್ರ ಬೇಡ. ಅವಳಿಗೆ ನಾನು ಉಸ್ತಾದ್. ಸ್ವಲ್ಪ ದಿನ ಅಲ್ವಾ, ಆಮೇಲೆ ಆ ಚೀಲವೇ ಇರ್ಲಿಕ್ಕಿಲ್ಲ."

ಸ್ವಲ್ಪ ದಿನ ಎಂದಿದ್ದಕ್ಕೆ ಕಾರಣವಿತ್ತು. ಕಸುಬು ಬದಲಾವಣೆಗೆ ಕೊನೆಗೂ ಅರ್ಜಿ ಹೋಗಿತ್ತು. ಪದವಿ ಪತ್ರಕ್ಕೆ ಊರಿನಿಂದ ಎಲ್ಲ ಮೊಹರುಗಳೂ ಬಿದ್ದು ಬಂದಿದ್ದವು, ಒಪ್ಪಿಗೆಯೊಂದು ಬಾಕಿ. ಅಜಾ ಬೆಟ್ಟದ ಕಡೆ ಎರಡು ಕೋಣೆಯ ಮನೆಯನ್ನೂ ನೋಡಿಟ್ಟಿದ್ದರು. ಪರದೆಗೆ ಯಾವ ಬಣ್ಣ ಚೆಂದ ಎಂದು ನನ್ನನ್ನು ಕೇಳಿ, ನಾನು ಹೇಳಿದ ಬಣ್ಣ ಬೇಡವೆಂದು ತೀರ್ಮಾನಿಸಿದ್ದರು. ಅವರು ಹಗುರಾದಷ್ಟೂ ನನ್ನ ಆತಂಕ ಹೆಚ್ಚಾಯಿತು. ಗೇಟಿನ ಹತ್ತಿರ ಯಾವ ಬಿಳಿ ಕಾರು ನಿಂತರೂ ನಾನು ಕಿಟಕಿಗೆ ಹೋಗಿ ನೋಡುವುದಾಯಿತು. ಇದೊಂದು ತಿಂಗಳು ದಾಟಿಸಪ್ಪಾ ಎಂದು ದೇವರಿಗೆ ತುಪ್ಪದ ದೀಪ ಹೇಳಿಕೊಂಡೆ.

ಅದೇ ವಾರ ಧಾರಾವಾಹಿ ಮುಗಿಯಿತು. ಕೊನೆಯ ಕಂತಿನಲ್ಲಿ ಸರ್ಕಾರದ ಅಧಿಕಾರಿಗಳು ಕಂಪನಿಗೆ ಬರುತ್ತಾರೆ. ಬೂದು ಪಟ್ಟಿಯ ಹೆಂಗಸು ಎಂದಿನಂತೆ ಚಹಾ ಕೋಣೆಯಲ್ಲಿ. ಆಗ ಅವಳ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಎದ್ದು ನಿಂತು, ಇದೆಲ್ಲ ಅವಳ ಕೆಲಸ, ಅವಳನ್ನು ಬಚ್ಚಿಟ್ಟಿದ್ದಾರೆ ಎಂದು ಎಲ್ಲರ ಮುಂದೆ ಕೂಗಿ ಹೇಳುತ್ತಾಳೆ. ಅಧಿಕಾರಿ ತಲೆಬಾಗುತ್ತಾನೆ, ಬಿಳಿ ಪಟ್ಟಿ ಬರುತ್ತದೆ, ಎಲ್ಲರೂ ಚಪ್ಪಾಳೆ. ರೀಮ್ ಅದನ್ನು ಮತ್ತೆ ಹಿಂದಕ್ಕೆ ಎಳೆದು ಹಾಕಿದಳು. ಮುದೀರ್ ಎರಡನೇ ಸಲವೂ ಬೇಸರಿಸದೆ ಕನ್ನಡದಲ್ಲಿ ಹೇಳಿದರು. ಹೇಳಿ ಮುಗಿದ ಮೇಲೆ, ಯಾರೂ ಒರಗದಿದ್ದರೂ, ಟಿಶ್ಯೂ ತೆಗೆದು ಮೇಜು ಒರೆಸಿದರು.

ತಪಾಸಣೆಯವರು ಬಂದದ್ದು ಮಧ್ಯಾಹ್ನದ ನಮಾಜಿನ ಹೊತ್ತು ಕಳೆದು ಶಟರ್ ಎತ್ತಿದ ಕೂಡಲೇ. ಕಾವಲುಗಾರ ಇನ್ನೂ ಮಸೀದಿಯಿಂದ ಬಂದಿರಲಿಲ್ಲ, ಮಿಸ್ಡ್ ಕಾಲ್ ಬರಲಿಲ್ಲ. ಕಾರಿನ ಬಾಗಿಲ ಸದ್ದಿಗೆ ನಾನು "ಸಾರ್!" ಎಂದೆ. ಅವರು ಚೀಲ ಹಿಡಿದು ಒಳಗೆ ಹೋಗುವುದಕ್ಕೂ ಇಬ್ಬರು ಅಧಿಕಾರಿಗಳು ಒಳಗೆ ಬರುವುದಕ್ಕೂ ಸರಿಹೋಯಿತು. ಈ ಸಲ ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಎಲ್ಲರೂ ಹಾಲಿಗೆ ಬಂದು ಕಾರ್ಡು ಹಿಡಿದು ನಿಲ್ಲಿ ಎಂದರು. ಡ್ರೈವರುಗಳ ಸಾಲಿನ ತುದಿಗೆ ಮುದೀರ್ ಬಂದು ನಿಂತರು. ನೀಲಿ ಡಾಂಗರಿ, ಕೈಯಲ್ಲಿ ಪಾನಾ. ಕುತ್ತಿಗೆಯ ಹತ್ತಿರ ಇಸ್ತ್ರಿ ಅಂಗಿಯ ಕಾಲರು ಕಾಣುತ್ತಿತ್ತು, ಒಳಗೆ ತಳ್ಳಿಕೊಳ್ಳಿ ಎಂದು ಕಣ್ಣಲ್ಲೇ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ. ಈ ದೇಶದವಳಾದ್ದರಿಂದ ಕುರ್ಚಿಯಲ್ಲೇ ಕೂತಿದ್ದ ರೀಮ್ ಅವರನ್ನೇ ನೋಡುತ್ತಿದ್ದಳು.

ಕಿರಿಯ ಅಧಿಕಾರಿ ಅವರ ಕಾರ್ಡು ತೆಗೆದುಕೊಂಡು, "ಸಬ್ಬಾಕ್" ಎಂದು ಓದಿ ಮರಳಿಸಲು ಕೈ ಚಾಚಿದ. ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ರೀಮ್ ಎದ್ದಳು.

"ಇವರು ಪ್ಲಂಬರ್ ಅಲ್ಲ!" ಎಂದಳು. "ಇವರು ಈ ಆಫೀಸಿನ ಮುದೀರ್. ನನಗೆ ಬಂದಿರುವ ಕೆಲಸವೆಲ್ಲ ಇವರು ಕಲಿಸಿದ್ದು. ಇವರಿಗೆ ಈ ಬಟ್ಟೆ ಹಾಕಿಸಿ ಇಲ್ಲಿ ನಿಲ್ಲಿಸಿದವರು ಯಾರು? ನೀವು ಅವರನ್ನು ಕೇಳಬೇಕು."

ಅವಳು ನ್ಯಾಯ ಕೇಳುತ್ತಿದ್ದಳು. ಬಂದವರು ನ್ಯಾಯ ಕೊಡಲು ಬಂದವರೆಂದೇ ಅವಳು ನಂಬಿದ್ದಳು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಕಫೀಲ್ ಕಣ್ಣು ಮುಚ್ಚಿಕೊಂಡ. ಅಧಿಕಾರಿ ಒರಟನಲ್ಲ, ಮರ್ಯಾದಸ್ಥ. ಕಾರ್ಡನ್ನು ಕೈಯಲ್ಲೇ ಇಟ್ಟುಕೊಂಡು ಮುದೀರ್ ಕಡೆ ತಿರುಗಿ ಕೇಳಿದ: "ನೀವು ಯಾರು?"

ಹುಡುಗಿಗೆ ಗೊತ್ತಿಲ್ಲ, ಹೊಸಬಳು, ನಾನು ಪೈಪು ಕೆಲಸದವನು. ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಿ ಸಾರ್, ಹೇಳಿ, ಎಂದು ನನ್ನ ಇಡೀ ಮೈ ಬೇಡುತ್ತಿತ್ತು. ಅವರು ರೀಮಳನ್ನು ಒಮ್ಮೆ ನೋಡಿದರು. ಫೋನು ಎತ್ತುವ ಮುಂಚೆ ಮಾಡುವ ಹಾಗೆ ಗಂಟಲು ಸರಿಮಾಡಿಕೊಂಡರು. "ಇವಳು ಹೇಳಿದ್ದು ನಿಜ. ನಾನು ಇಲ್ಲಿಯ ಮುದೀರ್" ಎಂದರು. ಯಾರೂ ಕೇಳದೆಯೇ, "ಬಿ.ಕಾಂ. ಮಾಡಿದ್ದೇನೆ" ಎಂದೂ ಸೇರಿಸಿದರು.

ಕಂಪನಿಗೆ ದಂಡ ಬಿತ್ತು. ಅರ್ಜಿ ರದ್ದಾಯಿತು, ಎಕ್ಸಿಟ್ ಬಂತು. ರೀಮ್ ನನ್ನ ಕೈ ಹಿಡಿದು, "ಸಿಸ್ಟರ್, ನಾನು ನಿಜವನ್ನೇ ಹೇಳಿದೆ, ಅಲ್ಲವಾ? ನಿಜ ಹೇಳಿದರೆ ಹೀಗೇಕೆ ಆಯಿತು?" ಎಂದು ಅತ್ತಳು. ಅವರೇ ಬಂದು, "ಅಳಬೇಡ ಮಗಳೇ, ನೀನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ" ಎಂದು ಸಮಾಧಾನ ಮಾಡಿ, ಬಾಕಿ ಉಳಿದ ಕೊಟೇಶನ್ನುಗಳನ್ನು ಅವಳಿಗೆ ವಿವರಿಸಲು ಕೂತರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅವರು ಹೊರಡುವ ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಇನ್ನೊಂದ್ಸಲ ಪ್ಲಂಬರ್ ಅಂದಿದ್ರೆ ನಿಮ್ದೇನು ಗಂಟು ಹೋಗ್ತಿತ್ತು ಸಾರ್? ನಿಮ್ಮ ಮನೆಯವರು ಬಂದು ಸ್ಟೌ ಇಡೋಕೆ ಕಾಯ್ತಾ ಇದ್ರು."

"ನನಗೂ ಅದೇ ನೆನಪಾದದ್ದು ಮಾರಾಯ್ರೆ. ಆದ್ರೆ ಇಷ್ಟು ವರ್ಷ ಬಂದವರೆಲ್ಲ ಕಾರ್ಡು ತೋರಿಸು ಅಂತ ಕೇಳಿದ್ದು. ನೀವು ಯಾರು ಅಂತ ಕೇಳಿದ್ದು ಅವನೊಬ್ಬ. ಬಾಯಿಗೆ ಸುಳ್ಳು ಬರ್ಲಿಲ್ಲ."

ಹೋದ ಶುಕ್ರವಾರ ಉಳ್ಳಾಲದಿಂದ ಅವರ ಹೆಂಡತಿ ಫೋನ್ ಮಾಡಿದ್ದರು. ಗಂಡನಿಗೆ ಗೊತ್ತಾಗದ ಹಾಗೆ ಮಾಡುತ್ತಿದ್ದೇನೆ ಎಂದರು. ಊರಿಗೆ ಹೋದ ಮೇಲೆ ಅವರಿಗೆ ಕೆಲಸವಾಗಿಲ್ಲ. ಕಂಪನಿ ಕೊಟ್ಟ ಅನುಭವದ ಪತ್ರದಲ್ಲಿಯೂ ಕಾರ್ಡಿನಲ್ಲಿದ್ದಂತೆ ಪ್ಲಂಬರ್ ಎಂದೇ ಇದೆ. ಅದನ್ನು ಹಿಡಿದು ಟೈ ಕಟ್ಟಿಕೊಂಡು ಮಂಗಳೂರಿನ ಆಫೀಸುಗಳಿಗೆ ಹೋಗುತ್ತಾರೆ, ನಕ್ಕು ಕಳಿಸುತ್ತಾರೆ.

"ನನ್ನ ತಮ್ಮ ಫ್ಲ್ಯಾಟುಗಳಿಗೆ ಪೈಪಿನ ಕಂಟ್ರಾಕ್ಟು ಮಾಡುವುದು ಮೇಡಂ. ಭಾವ ನಾಳೆಯೇ ಬರ್ಲಿ ಅಂತಾನೆ. ಇವರು ಕೇಳುದಿಲ್ಲ. ನಿಮ್ಮ ಮಾತು ಕೇಳ್ತಾರೆ, ನೀವೊಂದು ಹೇಳಿ. ಆ ಕೆಲಸದಲ್ಲಿ ಎಂತ ನಾಚಿಕೆ ಉಂಟು?"

"ಅವರಿಗೆ ಪೈಪಿನ ಕೆಲಸ ಬರೋದಿಲ್ಲಮ್ಮ" ಎಂದೆ.

"ಇಷ್ಟು ವರ್ಷ ಅದೇ ಮಾಡಿ ಬರುದಿಲ್ಲ ಅಂದ್ರೆ ಹೇಗೆ ಮೇಡಂ?"

ಅವರು ಮೆತ್ತಗೆ ಮುಂದುವರಿಸಿದರು. ವಿಸಿಟ್ ವೀಸಾದ ಕಾಗದಗಳಲ್ಲಿ ಕಸುಬು ನೋಡಿದಾಗಲೇ ಗಂಡ ಪ್ಲಂಬರ್ ಎಂದು ಗೊತ್ತಾಗಿತ್ತಂತೆ. ತಾವು ಇಲ್ಲಿದ್ದಾಗ ಒಂದು ದಿನ ಇವರು ಪ್ಯಾಂಟೆಲ್ಲ ಒದ್ದೆಯಾಗಿ ಮನೆಗೆ ಬಂದಿದ್ದರಂತೆ. "ವೀಡಿಯೋ ಕಾಲಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ಮಾತಾಡ್ತಿದ್ರು. ಸಾಹೇಬರು ಇಲ್ಲದ ಹೊತ್ತು ನೋಡಿ ಕೂತುಕೊಳ್ಳುವುದು ಅಂತ ನನಗೆ ಅಂದಾಜುಂಟು. ನಾನು ಯಾವತ್ತೂ ಕೇಳ್ಲಿಲ್ಲ. ಅವರಿಗೆ ಬೇಜಾರಾಗ್ಬಾರ್ದಲ್ಲ."

ನಾನು ಗಾಬರಿಯಿಂದ ಎಲ್ಲ ಹೇಳಿದೆ. ಕುರ್ಚಿ ಅವರದೇ, ಆಫೀಸು ಅವರದೇ, ನನಗೆ ಮೇಲಧಿಕಾರಿ ಅವರೇ, ಹಾಯಿಲ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ ಎಂದೆ. ರೀಮ್ ಎದ್ದು ನಿಂತದ್ದನ್ನು, ಅಧಿಕಾರಿಯ ಎದುರು ಇವರು ಹೌದೆಂದದ್ದನ್ನು ಒಂದೂ ಬಿಡದೆ ಹೇಳಿದೆ. ಆ ಕಡೆಯಿಂದ ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

"ಅವರೂ ಇದೇ ಕತೆ ಹೇಳುವುದು" ಎಂದರು. "ಇರ್ಲಿ ಬಿಡಿ ಮೇಡಂ. ನೀವೂ ಅವರ ಮಾನ ಉಳಿಸ್ತಾ ಇದ್ದೀರಿ. ನಿಮಗೆ ಒಳ್ಳೆಯದಾಗ್ಲಿ."